ಮೂರು ಸುತ್ತು, ಒಂದು ಕೋಣೆ

ಜೂನ್ ೩

ಮಗಳಿಗೆ,

ನಿನ್ನ ವಿಳಾಸ ನಿನ್ನಮ್ಮ ಕೊಟ್ಟದ್ದಲ್ಲ. ಅವಳು ನಿನಗೆ ಸ್ವೆಟರ್ ಕಳಿಸಿದ ಪಾರ್ಸಲಿನ ರಸೀದಿ ಅಲಮಾರಿಯ ಮೇಲೆ ಬಿದ್ದಿತ್ತು, ಅದರಿಂದ ಬರೆದುಕೊಂಡೆ. ಒಂದು ವರ್ಷ ಎರಡು ತಿಂಗಳಾದ ಮೇಲೆ ಬರೆಯುತ್ತಿರುವುದು ಕುಶಲ ವಿಚಾರಿಸಲು ಅಂದುಕೊಳ್ಳಬೇಡ. ನಿನ್ನ ಕುಶಲವೆಲ್ಲ ಪ್ರತಿ ಶನಿವಾರ ಫೋನಿನಲ್ಲಿ ಅವಳಿಗೆ ಬರುತ್ತದೆ. ಫೋನಿಟ್ಟ ಮೇಲೆ ಅವಳು ಪಾತ್ರೆ ಜೋಡಿಸುವ ಸದ್ದಿನಲ್ಲಿ ನನಗೂ ಅಷ್ಟಿಷ್ಟು ತಿಳಿಯುತ್ತದೆ. ವಿಷಯ ಬೇರೆ. ಮೇಲಿನ ಮನೆಯ ನಿನ್ನ ದೊಡ್ಡಪ್ಪ ಕೆಳಗಿರುವ ನಿನ್ನ ಕೋಣೆ ಕೇಳಿದ್ದಾನೆ.

ಕಾರಣ ಹೇಳಿಲ್ಲ. ಹೇಳುವ ಹಾಗೂ ಇಲ್ಲ. ನಮ್ಮಿಬ್ಬರ ಜಗಳ ಕೇಳಿ ಕೇಳಿ ಬೇಸತ್ತು ನೀನು ಹನ್ನೆರಡನೆಯ ವಯಸ್ಸಿನಲ್ಲಿ ಮೆಟ್ಟಿಲ ಮೇಲೆ ನಿಂತು ಮಾಡಿದ ಕಾನೂನು ಇನ್ನೂ ಜಾರಿಯಲ್ಲಿದೆ. ಯಾರಿಗೆ ಏನು ಬೇಕೋ ಅಷ್ಟನ್ನೇ ಹೇಳಬೇಕು. ಯಾಕೆ ಬೇಕು ಎಂದು ಹೇಳಬಾರದು, ಯಾರೂ ಕೇಳಬಾರದು. ಭಾನುವಾರ ನಾಲ್ಕು ಗಂಟೆಗೆ ಹಜಾರದ ಟಿವಿಯ ಮುಂದೆ ಕೂತು ನಿನ್ನ ಆ ಬಾಕ್ಸಿಂಗ್ ವಿಡಿಯೋ ಆಟವನ್ನು ಮೂರು ಸುತ್ತು ಆಡಬೇಕು, ನಿನ್ನಮ್ಮ ಸೀಟಿ ಊದಿ ತೀರ್ಪು ಕೊಡಬೇಕು, ಗೆದ್ದವರ ಮಾತು ನಡೆಯಬೇಕು. ಜನ ಜಗಳವಾಡುವುದು ವಸ್ತುವಿಗಾಗಿ ಅಲ್ಲ, ಕಾರಣಗಳಿಗಾಗಿ ಎಂದು ನೀನು ಕಂಡುಹಿಡಿದಿದ್ದೆ. ಶಾಲೆಯ ಆಟದ ಟೀಚರೊಬ್ಬಳು, ಡ್ರೈವಿಂಗ್ ಕಲಿಸಿ ನಿವೃತ್ತನಾದವನೊಬ್ಬ, ಊರವರ ಬಾಯಿಗೆ ಕಟ್ಟುಹಲ್ಲು ಮಾಡಿಕೊಡುವವನೊಬ್ಬ, ಹೀಗೆ ಮೂವರು ದೊಡ್ಡವರು ಒಂದು ಹುಡುಗಿಯ ಕಾನೂನಿಗೆ ಹದಿಮೂರು ವರ್ಷದಿಂದ ತಲೆಬಾಗಿದ್ದೇವೆ. ಬೇರೆ ಮನೆಗಳಲ್ಲಿ ಇದನ್ನು ಹುಚ್ಚು ಅನ್ನುತ್ತಾರೆ. ಆ ಮನೆಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟು ಕಾಲವಾಯಿತು ಎಂದು ಮಾತ್ರ ಹೇಳುವುದಿಲ್ಲ.

ನೀನಿದ್ದಾಗ ಕೆಳಗಿನ ಮನೆಯ ಪರವಾಗಿ ನೀನೇ ಆಡುತ್ತಿದ್ದೆ, ನಾವು ಸೋಲುತ್ತಿರಲಿಲ್ಲ. ನೀನು ಹೋದ ಮೇಲೆ ನಾನು ಆಡುತ್ತೇನೆ, ನಾವು ಗೆಲ್ಲುತ್ತಿಲ್ಲ. ಗೇಟು ನೀಲಿಯಾಗಿದೆ. ತಾರಸಿಯ ಮೇಲೆ ಅವನ ಪಾರಿವಾಳಗಳಿವೆ. ಹಜಾರದಲ್ಲಿ ಅವನ ರೇಡಿಯೋ ಇದೆ, ಅದು ಬೆಳಿಗ್ಗೆಯಿಡೀ ಕೆಮ್ಮುತ್ತದೆ. ಇದೆಲ್ಲ ಹೋಗಲಿ. ಮೂವತ್ತೈದು ವರ್ಷ ಇನ್ನೊಬ್ಬರ ಪಕ್ಕ ಕೂತು "ಬ್ರೇಕು, ಬ್ರೇಕು" ಎಂದು ಕಿರುಚಿದವನು ಇಡೀ ಜಗತ್ತನ್ನು ಕಲಿಯಲು ಬಂದವರ ಗುಂಪು ಎಂದುಕೊಂಡಿದ್ದರೆ ಅದು ಅವನ ತಪ್ಪಲ್ಲ, ಕೆಲಸದ ತಪ್ಪು. ಆದರೆ ಕೋಣೆ ಕೊಡಲು ನನಗೆ ಮನಸ್ಸಿಲ್ಲ. ಯಾಕೆ ಎಂದು ನಾನೂ ಹೇಳುವಂತಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಆಟ. ಮೂರು ತಿಂಗಳ ಗಡುವು ಅವನೇ ಕೊಟ್ಟದ್ದು. "ನಿಧಾನಕ್ಕೆ ಕಲ್ತ್ಕೊಂಡು ಬಾರೋ, ಅವಸರ ಏನಿಲ್ಲ" ಅಂದ. ಅವನನ್ನು ಸೋಲಿಸುವುದು ಹೇಗೆಂದು ಬರೆ. ಬೇರೇನೂ ಬರೆಯಬೇಕಾಗಿಲ್ಲ.

ನಿನ್ನ
ಅಪ್ಪ


ಜೂನ್ ೧೯

ಅಪ್ಪನಿಗೆ,

ಯುಕ್ತಿ ನಿಮಗೆ ಯಾಕೆ? ಕಾಲು ಇದೆಯಲ್ಲ.

ನಿಮ್ಮ ಕಾಗದದಲ್ಲಿ ಗೇಟು, ಪಾರಿವಾಳ, ರೇಡಿಯೋ ಎಲ್ಲ ಇವೆ, ಕಳೆದ ವರ್ಷದ ಏಪ್ರಿಲ್ ಇಲ್ಲ. ಆದ್ದರಿಂದ ನಾನೇ ಬರೆಯುತ್ತೇನೆ. ಬಂದರಿನ ಈ ಕೆಲಸಕ್ಕೆ ಹೋಗಬೇಕು ಎಂದು ನಾನು ಹೇಳಿದೆ, ಹೋಗಬಾರದು ಎಂದು ನೀವು ಹೇಳಿದಿರಿ. ಸರಿ, ಮೂರು ಸುತ್ತು. ನಿಮಗೆ ಆಡಲು ಬರದೆ ದೊಡ್ಡಪ್ಪನನ್ನು ಕೂರಿಸಿದಿರಿ. ಅಣ್ಣತಮ್ಮ ಒಂದು ಕಡೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೂರನೆಯ ಸುತ್ತಿನಲ್ಲಿ ಪರದೆಯ ಮೇಲೆ ಅವರ ಆಳು ಎರಡು ಸಲ ನೆಲಕ್ಕೆ ಬಿದ್ದಿದ್ದ, ಇನ್ನು ನಲವತ್ತು ಸೆಕೆಂಡು ಉಳಿದಿತ್ತು. ಟಿವಿ ಕಪ್ಪಾಯಿತು. ನಿಮ್ಮ ಕಾಲು ತಗಲಿ ಪ್ಲಗ್ಗು ಕಿತ್ತುಬಂತು ಎಂದು ಎಲ್ಲರೂ ಒಪ್ಪಿಕೊಂಡರು. ಆಟ ಮುಗಿಯದಿದ್ದರೆ ತೀರ್ಪಿಲ್ಲ, ತೀರ್ಪಿಲ್ಲದಿದ್ದರೆ ಇದ್ದದ್ದು ಇದ್ದ ಹಾಗೇ ಇರಬೇಕು. ಅದೂ ನಾನೇ ಮಾಡಿದ ಕಾನೂನು. ಸೋಮವಾರ ಬೆಳಿಗ್ಗೆ ಕಾನೂನು ಮುರಿದು ಹೊರಟೆ. ಈ ಮನೆಯಲ್ಲಿ ಅದನ್ನು ಮುರಿದವಳು ನಾನೊಬ್ಬಳೇ ಎಂದು ನೀವೆಲ್ಲ ನಂಬಿದ್ದೀರಿ.

ಇರಲಿ. ನೀವು ಆಡುವುದನ್ನು ನಾನು ನೋಡಿದ್ದೇನೆ. ಗಂಟೆ ಬಾರಿಸಿದ ಕೂಡಲೇ ನುಗ್ಗುತ್ತೀರಿ, ಕೈಗೆ ಸಿಕ್ಕ ಬಟನ್ನನ್ನೆಲ್ಲ ಒತ್ತುತ್ತೀರಿ, ಅರ್ಧ ನಿಮಿಷಕ್ಕೆ ನಿಮ್ಮ ಆಳಿನ ದಮ್ಮು ಮುಗಿದು ಅವನು ಬಟ್ಟೆ ಒಣಗಿಸುವ ಹಗ್ಗದ ಹಾಗೆ ತೂಗಾಡುತ್ತಾನೆ. ನೀವು ಹದಿನೈದನೆಯ ವರ್ಷದ ನನ್ನನ್ನು ಒಮ್ಮೆ ಸೋಲಿಸಿದ ಕತೆಯನ್ನು ಬಂದವರಿಗೆಲ್ಲ ಹೇಳುತ್ತೀರಿ. ಆ ದಿನ ನಾನು ಬಿಟ್ಟುಕೊಟ್ಟೆ. ನಿಮ್ಮ ಮುಖ ನೋಡಲಾಗಲಿಲ್ಲ.

ಇಲ್ಲಿ ಕ್ರೇನು ಕಲಿಸಿದ ಹಿರಿಯಾಳು ಮೊದಲ ವಾರ ನನಗೆ ಹಿಡಿಯನ್ನೇ ಮುಟ್ಟಗೊಡಲಿಲ್ಲ. "ಹಗ್ಗ ನೋಡಮ್ಮ. ಪೆಟ್ಟಿಗೆ ಎಲ್ಲಿ ಹೋಗುತ್ತೆ ಅಂತ ಹಗ್ಗ ಮೊದಲೇ ಹೇಳುತ್ತೆ" ಎಂದು ಬರೀ ನೋಡಿಸಿದರು. ನೀವೂ ಹಾಗೆ ಮಾಡಿ. ಮೂರು ವಾರ ಆಡಬೇಡಿ. ದೊಡ್ಡಪ್ಪ ದಿನಾ ಸಂಜೆ ಆಡುತ್ತಾರಲ್ಲ, ಪಕ್ಕದಲ್ಲಿ ಪೇಪರ್ ಹಿಡಿದು ಕೂತು ಟಿವಿ ಬಿಟ್ಟು ಅವರ ಬೆರಳುಗಳನ್ನು ನೋಡಿ. ಕಂಡದ್ದನ್ನು ಬರೆಯಿರಿ. ನಿಮ್ಮ ಅಭಿಪ್ರಾಯ ಬೇಡ.

ಮಗಳು


ಜುಲೈ ೧೧

ಮಗಳಿಗೆ,

ಪ್ಲಗ್ಗಿನ ಬಗ್ಗೆ ನಾನು ಬರೆಯುವುದಿಲ್ಲ.

ನೋಡಿದೆ. ಮೂರು ವಾರ ಒಬ್ಬ ಮನುಷ್ಯನನ್ನು ಪಕ್ಕದಿಂದ ನೋಡುವುದು ಶಿಕ್ಷೆ, ಅದರಲ್ಲೂ ಅರವತ್ತಮೂರರ ವಯಸ್ಸಿನಲ್ಲಿ ಅವನು ಹುಡುಗನಾಗಲು ಹೊರಟಿದ್ದರೆ. ಗುಂಡಿಯ ಅಂಗಿಗಳನ್ನೆಲ್ಲ ಬಿಟ್ಟಿದ್ದಾನೆ. ಈಗ ತಲೆಯಿಂದ ಎಳೆದುಕೊಳ್ಳುವ ಬನಿಯನ್ನಿನಂಥವು, ಎದೆಯ ಮೇಲೆ ಹುಲಿಯೋ ಹಡಗೋ ಇರುವಂಥವು. ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದು ಒಂದೊಂದಕ್ಕೂ ನಿಂತು ದರ್ಬಾರಿಗೆ ಬರುವವನ ಹಾಗೆ ಬರುತ್ತಾನೆ. ನಾವೆಲ್ಲ ಎದ್ದು ನಿಲ್ಲಬೇಕೇನೋ. ಕಾರಿಗೆ ಹೊದಿಕೆ ಹಾಕಿಬಿಟ್ಟಿದ್ದಾನೆ. ಮೂವತ್ತೈದು ವರ್ಷ ಊರಿಗೆಲ್ಲ ಓಡಿಸಲು ಕಲಿಸಿದವನು ಈಗ ಬಸ್ಸಿನಲ್ಲಿ ಹೋಗುತ್ತಾನೆ. ಕೇಳಿದರೆ, "ಈಗಿನವರ ಮಧ್ಯೆ ಯಾರು ಓಡಿಸ್ತಾರೆ, ಎಲ್ಲ ನಾನೇ ಫೇಲ್ ಮಾಡಿದವರು" ಅನ್ನುತ್ತಾನೆ.

ಅಭಿಪ್ರಾಯ ಬೇಡ ಅಂದಿದ್ದೆ. ಬೆರಳು.

ಅವನು ಆರಿಸಿಕೊಳ್ಳುವುದು ಯಾವಾಗಲೂ ಆ ಬೋಳುತಲೆಯ ದೈತ್ಯನನ್ನೇ. ಬಲಗೈ ಹೆಬ್ಬೆರಳು ಹಳೆಯ ಟೈಪಿಸ್ಟನದರ ಹಾಗೆ ಓಡುತ್ತದೆ, ಅದನ್ನು ಒಪ್ಪಬೇಕು. ದೊಡ್ಡ ಗುದ್ದು, ಪಕ್ಕದ ಗುದ್ದು, ಮತ್ತೆ ದೊಡ್ಡ ಗುದ್ದು. ಎಡಗೈ ಏನೂ ಮಾಡುವುದಿಲ್ಲ. ಆಟದ ರಿಮೋಟಿನ ಆ ಬದಿ ಅವನ ಅಂಗೈಯಲ್ಲಿ ಸುಮ್ಮನೆ ಒರಗಿರುತ್ತದೆ. ಮುಖ ಮುಚ್ಚಿಕೊಳ್ಳುವ ಬಟನ್ನು ಎಡ ತೋರುಬೆರಳಿನ ಕೆಳಗಿದೆಯಲ್ಲ, ಅದನ್ನು ಮೂರು ವಾರದಲ್ಲಿ ಅವನು ಒಮ್ಮೆಯೂ ಒತ್ತಿದ್ದನ್ನು ನಾನು ಕಾಣೆ. ಎಡ ಹೆಬ್ಬೆರಳಿನಿಂದ ಆಳನ್ನು ನಡೆಸುವುದೂ ಅಪರೂಪ. ಅವನ ಬೋಳ ವೃತ್ತದ ಮಧ್ಯದ ಪ್ರತಿಮೆಯಂತೆ ನಿಂತಿರುತ್ತಾನೆ, ಎದುರಾಳಿಯೇ ಬಂದು ಹೊಡೆಸಿಕೊಳ್ಳಬೇಕು.

ತಡೆಯುವುದು ತನಗೆ ಅವಮಾನ ಎಂದು ಅವನ ಲೆಕ್ಕ. ಇಷ್ಟು ಸೊಕ್ಕಿನ ಆಟ ನಾನು ನೋಡಿಲ್ಲ.

ಅಪ್ಪ


ಜುಲೈ ೨೪

ಅಪ್ಪನಿಗೆ,

ಎರಡು ಸಲ ಓದಿದೆ. ಅಭಿಪ್ರಾಯಗಳನ್ನು ಹೊಡೆದುಹಾಕಿ ಮತ್ತೊಮ್ಮೆ ಓದಿದೆ.

ಅವರು ತಡೆಯುವುದಿಲ್ಲ, ನಡೆಯುವುದಿಲ್ಲ. ಹಾಗಾದರೆ ಗೆಲ್ಲುವುದು ಸುಲಭ, ನಿಮ್ಮ ಸ್ವಭಾವಕ್ಕೆ ಮಾತ್ರ ಕಷ್ಟ. ನಿಮ್ಮ ಆ ಹಳದಿ ಚಡ್ಡಿಯ ಸಣಕಲನನ್ನೇ ಇಟ್ಟುಕೊಳ್ಳಿ, ಅವನ ಕಾಲು ಚುರುಕು. ಬೋಳನ ಕೈಗೆ ಎಟಕುವಷ್ಟು ಹತ್ತಿರ ಹೋದಹಾಗೆ ಮಾಡಿ, ಹಿಂದೆ ಸರಿಯಿರಿ. ಅವನು ಬೀಸಲಿ. ಖಾಲಿ ಗಾಳಿಗೆ ಹೋದ ದೊಡ್ಡ ಗುದ್ದಿಗೆ ಹೆಚ್ಚು ದಮ್ಮು ಖರ್ಚಾಗುತ್ತದೆ. ಪರದೆಯ ಕೆಳಗೆ ದಮ್ಮು ತೋರಿಸುವ ಹಸಿರು ಪಟ್ಟಿ ಕೆಂಪಾಗುವುದನ್ನು ನೋಡಿ. ಕೆಂಪಾದ ಮೇಲೆ ಅವನ ಕೈ ಏಳುವುದು ತಡವಾಗುತ್ತದೆ. ಆಗ ಒಂದು ನೇರ ಗುದ್ದು, ಸಣ್ಣದು, ಮುಖಕ್ಕೆ. ಎರಡಲ್ಲ, ಒಂದು. ಮತ್ತೆ ಹಿಂದಕ್ಕೆ. ಮುಖ ಮುಚ್ಚಿಕೊಳ್ಳದವನಿಗೆ ಅದೇ ಸಾಕು.

ಮೊದಲ ಹತ್ತು ದಿನ ಹೊಡೆಯಲೇಬೇಡಿ. ಬರೀ ಹಿಂದೆ ನಡೆಯುವುದನ್ನು ಕಲಿಯಿರಿ. ಮಾತಿನಲ್ಲಾಗಲೀ ರಸ್ತೆಯಲ್ಲಾಗಲೀ ನೀವು ಹಿಂದೆ ಹೆಜ್ಜೆಯಿಟ್ಟದ್ದನ್ನು ನಾನು ನೋಡಿಲ್ಲ, ಹಾಗಾಗಿ ಹತ್ತು ದಿನ ಬೇಕಾಗಬಹುದು.

ನನ್ನ ಕ್ಯಾಬಿನ್ನು ನೆಲದಿಂದ ನಲವತ್ತು ಮೀಟರ್ ಮೇಲಿದೆ. ಕಾಲ ಕೆಳಗೆ ಗಾಜು. ಅಲ್ಲಿಂದ ಮನುಷ್ಯರು ಬರೀ ಹೆಲ್ಮೆಟ್ಟುಗಳು, ಹಳದಿ, ಬಿಳಿ. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ಅಲ್ಲಿಂದ ಕಾಣುವುದಿಲ್ಲ. ನಿಮಗೆ ಹೇಳಿ ಮಾಡಿಸಿದ ಕೆಲಸ.

ಮಗಳು


ಆಗಸ್ಟ್ ೧೩

ಮಗಳಿಗೆ,

ಹತ್ತಲ್ಲ, ಹದಿನಾರು ದಿನ ಬೇಕಾಯಿತು.

ಅಭ್ಯಾಸವೆಲ್ಲ ಮಧ್ಯಾಹ್ನ, ಅವನು ಪಾರಿವಾಳಗಳ ಜೊತೆ ತಾರಸಿಯಲ್ಲಿದ್ದಾಗ. ಒಲೆಯ ಮೇಲೆ ಹಲ್ಲಿನ ಅಚ್ಚು ಕುದಿಯಲು ಇಟ್ಟು, ಅದು ಆಗುವ ಮುಕ್ಕಾಲು ಗಂಟೆ ನಾನು ಹಜಾರದಲ್ಲಿ. ಒಮ್ಮೆ ಹಿಂದೆ ನಡೆಯುವುದರಲ್ಲಿ ಮೈಮರೆತು ಅಚ್ಚಿನ ನೀರು ಆರಿಹೋಗಿ ಒಬ್ಬ ನ್ಯಾಯಾಧೀಶರ ಮೇಲ್ದವಡೆಯೆಲ್ಲ ಗುಳ್ಳೆ ಎದ್ದಿತು. ಎರಡನೆಯದು ಮಾಡಿಕೊಟ್ಟೆ. ಆತ ಮೊದಲಿನದಕ್ಕಿಂತ ಇದು ಚೆನ್ನಾಗಿದೆ ಅಂದ, ಮೊದಲಿನದನ್ನು ಅವನು ನೋಡಿಯೇ ಇರಲಿಲ್ಲ. ಜನರ ಅಭಿರುಚಿ ಇಷ್ಟು.

ನಿನ್ನಮ್ಮ ಶಾಲೆಯಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಅದು, ನಿಮ್ಮ ಹಳದಿ ಚಡ್ಡಿ ವಾಕಿಂಗ್ ಹೊರಟ ಹಾಗಿದೆ?"

"ಯುಕ್ತಿ" ಅಂದೆ.

"ಹೊಡೆಯೋದು ಯಾವಾಗ?"

"ಅವನು ಸುಸ್ತಾದ ಮೇಲೆ."

ಅವಳು ಚಪ್ಪಲಿ ಬಿಟ್ಟಳು. "ಸುಸ್ತಾಗೇ ಇದ್ದಾರೆ ಬಿಡಿ" ಅಂದು ಒಳಗೆ ಹೋದಳು. ಅವಳು ಯಾವಾಗಲೂ ಅವನ ಪರ. ತೀರ್ಪು ಕೊಡುವವರು ಒಂದು ಕಡೆ ವಾಲಿರುತ್ತಾರೆ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ.

ಸಣಕಲ ಈಗ ನನ್ನ ಮಾತು ಕೇಳುತ್ತಾನೆ. ಯಂತ್ರ ಆಡಿಸುವ ಆಳುಗಳಲ್ಲಿ ನಾಲ್ವರನ್ನು ಮಲಗಿಸಿದ್ದೇನೆ. ಹಿಂದೆ ಸರಿಯುವುದರಲ್ಲಿ ಒಂದು ಬಗೆಯ ಗರ್ವ ಇದೆ, ಇಷ್ಟು ದಿನ ನನಗೆ ತಿಳಿದಿರಲಿಲ್ಲ. ಎದುರಿನವನು ತಾನಾಗಿಯೇ ಹಾಸ್ಯಾಸ್ಪದನಾಗುವವರೆಗೆ ಕಾಯಬೇಕು, ಅಷ್ಟೇ.

ನಿನ್ನ ಕೋಣೆಯ ಕಿಟಕಿಯನ್ನು ವಾರಕ್ಕೊಮ್ಮೆ ತೆರೆಯುತ್ತೇನೆ. ಮರ ಬೂಷ್ಟು ಹಿಡಿಯಬಾರದೆಂದು.

ಅಪ್ಪ


ಸೆಪ್ಟೆಂಬರ್ ೮

ಮಗಳಿಗೆ,

ಗೆದ್ದೆ.

ನಿನ್ನಮ್ಮ ಶಾಲೆಯ ಸೀಟಿ ಊದಿದಳು. ಅವನು ಹುಲಿಯ ಬನಿಯನ್ನು ಹಾಕಿಕೊಂಡು ಬಂದಿದ್ದ. "ಸೀಟ್ ಬೆಲ್ಟ್ ಹಾಕ್ಕೊಳ್ಳೋ" ಅಂದ. ಮೊದಲ ಸುತ್ತಿನಲ್ಲಿ ಹಳೆಯ ಚಾಳಿ ಬಂತು. ನುಗ್ಗಿಬಿಟ್ಟೆ, ಬೋಳ ಒಂದೇ ಬೀಸಿಗೆ ನನ್ನವನನ್ನು ಕೆಡವಿದ, ಎಂಟು ಎಣಿಸಿದ ಮೇಲೆ ನನ್ನವನು ಎದ್ದ. ಅಣ್ಣ ನನ್ನ ಕಡೆ ತಿರುಗಿ, "ಕ್ಲಚ್ ಬಿಟ್ಟು ಆಕ್ಸಿಲೇಟರ್ ಒತ್ತಬಾರದು ಅಂತ ಎಷ್ಟು ಸಲ ಹೇಳೋದು" ಅಂದ. ಎರಡನೆಯ ಸುತ್ತಿನಿಂದ ನಿನ್ನ ಹೇಳಿಕೆಯ ಪ್ರಕಾರ ನಡೆದೆ. ಬೋಳ ಗಾಳಿ ಗುದ್ದಿದ. ಮತ್ತೆ ಗುದ್ದಿದ.

"ನಿಲ್ಲೋ, ಎಲ್ಲಿಗೆ ಹೋಗ್ತೀಯ?"

"ಇಲ್ಲೇ ಇದ್ದೀನಲ್ಲ."

"ಗಂಡಸಾಗಿದ್ರೆ ನಿಂತು ಆಡು."

"ನೀನು ಬಂದು ಹಿಡಿ" ಅಂದೆ.

ಅವನು ಬರಲಿಲ್ಲ. ಪಟ್ಟಿ ಕೆಂಪಾಯಿತು. ಮೂರನೆಯ ಸುತ್ತಿನಲ್ಲಿ ಒಂದು ನೇರ ಗುದ್ದು, ಹಿಂದಕ್ಕೆ, ಇನ್ನೊಂದು ನೇರ ಗುದ್ದು. ಅವನು ರಿಮೋಟನ್ನು ಮಂಡಿಗೆ ಒತ್ತಿಹಿಡಿದು ಬಲಗೈಯೊಂದರಲ್ಲೇ ಆಡತೊಡಗಿದ. ನನ್ನಂಥವನಿಗೆ ಒಂದೇ ಕೈ ಸಾಕು ಎಂದು ತೋರಿಸಲು ಇರಬೇಕು. ಆ ತಿರಸ್ಕಾರ ನೋಡಿ ನನ್ನ ಹೆಬ್ಬೆರಳಿಗೆ ಇನ್ನಷ್ಟು ಬಲ ಬಂತು. ಬೋಳ ಮೂರು ಸಲ ಬಿದ್ದ, ಮೂರನೆಯ ಸಲ ಏಳಲಿಲ್ಲ.

ಅಣ್ಣ ರಿಮೋಟನ್ನು ಸೋಫಾದ ಮೇಲಿಟ್ಟು, "ಆಯ್ತು ಬಿಡು, ಕೋಣೆ ನಿಂದೇ" ಅಂದ. ಹದಿಮೂರು ವರ್ಷದಲ್ಲಿ ಸೋತಾಗ ಅವನು ಹೀಗೆ ನಾಲ್ಕೇ ಮಾತು ಆಡಿದ್ದನ್ನು ಕೇಳಿಲ್ಲ. ಸೀಟಿ ಊದಬೇಕಾದವಳು ಊದದೆ ಅದನ್ನು ಜೇಬಿಗೆ ಹಾಕಿಕೊಂಡು ಟೀ ಮಾಡಲು ಹೋದಳು, ಅರ್ಧ ಗಂಟೆಯಾದರೂ ಟೀ ಬರಲಿಲ್ಲ. ಅವನು ದರ್ಬಾರಿನ ಗತ್ತಿನಲ್ಲೇ ಮೆಟ್ಟಿಲು ಹತ್ತಿದ. ಕೆಳಗಿನಿಂದ ಎಣಿಸಿದೆ. ಹದಿನೆಂಟು ಮೆಟ್ಟಿಲಿಗೆ ನಾಲ್ಕು ಸಲ ನಿಂತ.

ಗೆಲುವು ಇಷ್ಟು ಸಪ್ಪೆಯಾಗಿರುತ್ತದೆಂದು ಮೊದಲೇ ಹೇಳಬಹುದಿತ್ತು ನೀನು.

ಅಪ್ಪ


ಸೆಪ್ಟೆಂಬರ್ ೨೦

ಅಪ್ಪನಿಗೆ,

ಅಮ್ಮನೂ ಹೇಳಿದಳು. ಫೋನಿನಲ್ಲಿ ಅವಳ ಧ್ವನಿ ಗೆದ್ದ ಮನೆಯವರ ಧ್ವನಿಯಂತಿರಲಿಲ್ಲ. ಯಾಕೆ?

ಮಗಳು


ಅಕ್ಟೋಬರ್ ೫

ಮಗಳಿಗೆ,

ಕಳೆದ ವಾರ ಅಣ್ಣ ನನ್ನ ಕೆಲಸದ ಕೋಣೆಗೆ ಬಂದ. ನಾನು ಐದು ವರ್ಷದ ಹಿಂದೆ ಮಾಡಿಕೊಟ್ಟ ಹಲ್ಲು ಸಡಿಲವಾಗಿದೆಯಂತೆ, ಎಡಗಡೆ ಜಾರುತ್ತದಂತೆ. "ನಿನ್ನ ಕೆಲಸ ಯಾವತ್ತೂ ಅಷ್ಟೇ ಕಣೋ" ಅಂದ. ನನ್ನ ಕೆಲಸ ಜಾರುವುದಿಲ್ಲ. ನೀನು ಮುದಿಯನಾಗಿ ದವಡೆ ಸವೆದಿದೆ, ಬಾಯಿ ತೆಗಿ ಅಂದೆ. ಮೇಣದ ಪಟ್ಟಿ ಬಿಸಿ ಮಾಡಿ ಕಚ್ಚಿಸಿದೆ. ಅವನು ಎದ್ದುಹೋದ ಮೇಲೆ ಪಟ್ಟಿಯನ್ನು ದೀಪದ ಕೆಳಗೆ ಹಿಡಿದು ನೋಡಿದೆ.

ಬಲಗಡೆ ಮೇಣ ತಳದವರೆಗೆ ಕತ್ತರಿಸಿಹೋಗಿತ್ತು. ಎಡಗಡೆ ಗುರುತು ಇದೆಯೋ ಇಲ್ಲವೋ, ಬೆರಳಲ್ಲಿ ಸವರಿದರೆ ಮಾತ್ರ ತಿಳಿಯುವಷ್ಟು.

ಮೂವತ್ತು ವರ್ಷದಿಂದ ಮೇಣದಲ್ಲಿ ಜನರ ಕಚ್ಚು ಓದುತ್ತಿದ್ದೇನೆ. ಸವೆದ ದವಡೆ ಹೀಗೆ ಕಚ್ಚುವುದಿಲ್ಲ. ಹೀಗೆ ಕಚ್ಚುವುದು ಒಂದು ಪಕ್ಕ ಬಲ ಬಿಟ್ಟುಹೋದವರು. ಅಂಥ ಹತ್ತಾರು ಬಾಯಿ ನನ್ನ ಕುರ್ಚಿಯಲ್ಲಿ ಕೂತಿವೆ. ಅವರು ಗುಂಡಿ ಹಾಕಿಕೊಳ್ಳಲಾರರು. ಗೇರು ಹಾಕಲಾರರು. ಮೆಟ್ಟಿಲಲ್ಲಿ ನಿಲ್ಲುತ್ತಾರೆ. ಎಡ ತೋರುಬೆರಳಿನಿಂದ ಒಂದು ಬಟನ್ನು ಒತ್ತಿಹಿಡಿಯುವುದು ಅವರಿಗೆ ಆಗದ ಮಾತು.

ಇಷ್ಟನ್ನೂ ನಾನು ನಿನಗೆ ಬರೆದಿದ್ದೆ, ನನ್ನ ಕೈಯಾರೆ. ನೋಡುವುದರಲ್ಲಿ ನನಗೆ ಸಮನಾದವರಿಲ್ಲ. ಕಂಡದ್ದಕ್ಕೆಲ್ಲ ಸೊಕ್ಕು ಎಂದು ಹೆಸರಿಟ್ಟಿದ್ದೆ.

ನಿನ್ನಮ್ಮನನ್ನು ಕೇಳಿದೆ. ಜನವರಿಯಲ್ಲಿ ಆದದ್ದಂತೆ, ಸಣ್ಣದೊಂದು ಪಾರ್ಶ್ವವಾಯು. ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು, ನನಗೆ ಶಾಲೆಯ ಕ್ರೀಡಾಕೂಟ ಎಂದಿದ್ದಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದ್ರು. ನಿಮಗೆ ಗೊತ್ತಾದ್ರೆ ಪಾಪ ಅಂತೀರಿ, ಅದಕ್ಕಿಂತ ನಿಮ್ಮ ಬೈಗುಳ ವಾಸಿ ಅಂದ್ರು."

"ಕೋಣೆ?"

"ಡಾಕ್ಟ್ರು ಮೆಟ್ಟಿಲು ಬೇಡ ಅಂದಿದ್ದಾರೆ. ಕಾರಣ ಹೇಳೋ ಹಾಗಿಲ್ಲವಲ್ಲ ಈ ಮನೇಲಿ. ನಾನು ಸೀಟಿ ಊದೋಳು, ನನ್ನನ್ನೇನು ಕೇಳ್ತೀರಿ."

ಮೇಲೆ ಹೋದೆ. ಕೋಣೆ ತಗೋ ಅಣ್ಣ, ನನಗೆ ಬೇಡ ಅಂದೆ. ಪಾರಿವಾಳಕ್ಕೆ ಕಾಳು ಹಾಕುತ್ತಿದ್ದ. "ಭಿಕ್ಷೆ ಹಾಕೋಕೆ ಹದಿನೆಂಟು ಮೆಟ್ಟಿಲು ಹತ್ತಿಬಂದೆಯೇನೋ? ಸೋತಿದ್ದೀನಿ. ಸೋತೋನು ಮೇಲಿರ್ತಾನೆ. ಇಳಿ" ಅಂದ.

ನೀನು ನನಗಿಂತ ಬುದ್ಧಿವಂತೆ. ಜುಲೈ ತಿಂಗಳಲ್ಲಿ ನನ್ನ ಕಾಗದ ಓದಿದಾಗ ನಿನಗೆ ಹೊಳೆದಿತ್ತೇ?

ಇನ್ನೊಂದು. ಕಳೆದ ವರ್ಷದ ಏಪ್ರಿಲಿನಲ್ಲಿ ಕಾಲು ತಗಲಲಿಲ್ಲ. ಬಗ್ಗಿ ಪ್ಲಗ್ಗನ್ನು ಕೈಯಲ್ಲಿ ಎಳೆದೆ. ಅಣ್ಣ ನೋಡಿದ್ದ.

ಅಪ್ಪ


ಅಕ್ಟೋಬರ್ ೧೭

ಅಪ್ಪ,

ಹೊಳೆದಿತ್ತು.

ಪೂರ್ತಿ ಅಲ್ಲ. ಅವರ ಎಡಗೈಗೆ ಏನೋ ಆಗಿದೆ ಎಂಬಷ್ಟು. ಅಮ್ಮನನ್ನು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೆ ನಿಮಗೆ ಯುಕ್ತಿ ಬರೆಯಲು ಆಗುತ್ತಿರಲಿಲ್ಲ. ಆ ಕೋಣೆ ಹೋಗಬಾರದು ಎಂದು ನನಗೂ ಇತ್ತು. ಬರುವ ಯೋಚನೆಯಿಲ್ಲದವಳಿಗೆ ಕೋಣೆ ಯಾಕೆ ಎಂದು ಕೇಳಬೇಡಿ. ನಿಮ್ಮ ಸೊಕ್ಕಿನ ಬಗ್ಗೆ ನಾನು ಬರೆದದ್ದನ್ನೆಲ್ಲ ಈಗ ನನಗೇ ಓದಿ ಹೇಳಿಕೊಳ್ಳಬಹುದು.

ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ. ಬೇಕೆಂದೇ ಸೋತರೆ ಅವರಿಗೆ ಗೊತ್ತಾಗುತ್ತದೆ. ಸುಳ್ಳೇ ಸೋಲಲು ನಿಮಗೆ ಬರುವುದಿಲ್ಲ, ಅದಕ್ಕೆ ಎದುರಿನವರಿಗಿಂತ ತುಂಬ ಚೆನ್ನಾಗಿ ಆಡಲು ಬರಬೇಕು. ಹಾಗಾಗಿ ಬೇರೆ ದಾರಿ. ಗೆದ್ದವರು ಇಷ್ಟಪಟ್ಟರೆ ಗೆದ್ದದ್ದನ್ನು ಮತ್ತೆ ಪಣಕ್ಕಿಡಬಹುದು, ಕಾನೂನಿನಲ್ಲಿ ಅದಿದೆ. ಅವರನ್ನು ಕೆಣಕಿ ಕೂರಿಸಿ. ಆ ವಿದ್ಯೆಯಲ್ಲಿ ನಿಮಗೆ ಯಾರ ಪಾಠವೂ ಬೇಡ. ಕೂತ ಮೇಲೆ ನಿಮ್ಮ ಎಡ ತೋರುಬೆರಳನ್ನು ಬಟನ್ನಿನಿಂದ ತೆಗೆಯಿರಿ, ಎಡ ಹೆಬ್ಬೆರಳನ್ನೂ. ಮುಖ ಮುಚ್ಚಬೇಡಿ, ಹಿಂದೆ ನಡೆಯಬೇಡಿ. ಅವರ ಬಳಿ ಇರುವುದಷ್ಟೇ ನಿಮ್ಮ ಬಳಿಯೂ ಇರಲಿ. ಆಮೇಲೆ ಗೆಲ್ಲಲೇಬೇಕೆಂದು ಆಡಿ. ನಿಜವಾಗಿ. ಒಂದು ಗುದ್ದನ್ನೂ ಬಿಟ್ಟುಕೊಡಬೇಡಿ.

ಹಾಗೆ ಆಡಿಯೂ ನೀವು ಗೆದ್ದರೆ ಕೋಣೆ ನಮ್ಮದು. ಆಗ ಏನು ಮಾಡುವುದೆಂದು ನನಗೆ ತಿಳಿಯದು.

ನಿಮ್ಮ ಕೊನೆಯ ಮೂರು ಸಾಲು ಓದಿದೆ. ಕಾಗದವನ್ನು ಕ್ಯಾಬಿನ್ನಿಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಫೋನು ತರಬಾರದು, ಕಾಗದಕ್ಕೆ ಅಡ್ಡಿಯಿಲ್ಲ.

ಮಗಳು


ನವೆಂಬರ್ ೨೮

ಮಗಳಿಗೆ,

ಆಟ ಈ ತಿಂಗಳ ಮೊದಲ ಭಾನುವಾರವೇ ಆಯಿತು. ಬರೆಯಲು ತಡವಾದದ್ದಕ್ಕೆ ಮಂಚ ಸಾಗಿಸುವುದು ಒಂದು ಕಾರಣ, ನನ್ನ ಸಿಟ್ಟು ಇಳಿಯದಿದ್ದುದು ಇನ್ನೊಂದು.

ಕೂರಿಸುವುದು ಕಷ್ಟವಾಗಲಿಲ್ಲ. ತಾರಸಿಯ ಬಾಗಿಲಲ್ಲಿ ನಿಂತು, "ಅಣ್ಣ, ಆವತ್ತು ನಿನ್ನ ಆಟ ನೋಡಿ ನನಗೇ ನಾಚಿಕೆಯಾಯ್ತು, ಇನ್ನೊಂದು ಸಲ ಕೂತರೆ ಎರಡೇ ಸುತ್ತಲ್ಲಿ ಮುಗಿಸ್ತೀನಿ, ಕೋಣೆ ಮತ್ತೆ ಪಣಕ್ಕಿಟ್ಟಿದ್ದೀನಿ" ಅಂದೆ. ಕಾಳಿನ ಡಬ್ಬಿ ಕೆಳಗಿಟ್ಟು ನನಗಿಂತ ಮುಂಚೆ ಮೆಟ್ಟಿಲಿಗೆ ಬಂದ.

ನೀನು ಹೇಳಿದಂತೆ ಎಡಗೈಯನ್ನು ಸುಮ್ಮನಿರಿಸಿದೆ. ಅದು ಏನೆಂದು ನಿನಗೆ ಗೊತ್ತಿರಲಾರದು. ಎದುರಿಗೆ ಗುದ್ದು ಬರುತ್ತಿರುವುದು ಕಾಣುತ್ತದೆ, ಬೆರಳು ತಾನಾಗಿ ಎದ್ದು ಹೋಗುತ್ತದೆ, ಹೋಗಬೇಡ ಎಂದು ಹಿಡಿಯಬೇಕು. ಹಿಂದೆ ಹೋಗುವಂತಿಲ್ಲ. ಮುಖ ಬಯಲಿಗಿಟ್ಟು ನಿಂತು, ಅವನು ಹೊಡೆಯುವ ಮೊದಲು ನಾನು ಹೊಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ಗುದ್ದು ಬೀಳುವಷ್ಟರಲ್ಲಿ ಬೆನ್ನು ಬೆವೆತಿತ್ತು. ಇವನು ಇದನ್ನು ಜನವರಿಯಿಂದ ಹೀಗೇ ಆಡುತ್ತಿದ್ದಾನೆ. ಹೀಗೇ ಆಡಿ ನನ್ನಿಂದ ಗೇಟು ಗೆದ್ದ, ಪಾರಿವಾಳ ಗೆದ್ದ, ಆ ರೇಡಿಯೋ ಗೆದ್ದ. ನಾನು ಎರಡೂ ಕೈಯಲ್ಲಿ ಆಡಿ ಸೋತಿದ್ದೆ.

ಬಿಟ್ಟುಕೊಡಲಿಲ್ಲ. ಇದನ್ನು ನೀನು ನಂಬಬೇಕು. ಎರಡನೆಯ ಸುತ್ತಿನಲ್ಲಿ ಬೋಳನನ್ನು ಒಮ್ಮೆ ಕೆಡವಿದೆ ಕೂಡ, ಆ ಒಂದು ಗಳಿಗೆ ಕೋಣೆಯ ವಿಷಯ ಪೂರ್ತಿ ಮರೆತು ಗೆಲ್ಲಬೇಕೆಂದು ಒದ್ದಾಡಿದೆ. ಬೋಳ ಎದ್ದ. ಮೂರನೆಯ ಸುತ್ತಿನಲ್ಲಿ ಸಣಕಲ ಮಲಗಿದವನು ಹತ್ತು ಎಣಿಸಿದರೂ ಏಳಲಿಲ್ಲ.

ನಿನ್ನಮ್ಮ ಸೀಟಿಯನ್ನು ಎಷ್ಟು ಉದ್ದಕ್ಕೆ ಊದಿದಳೆಂದರೆ ಎದುರು ಮನೆಯವರು ಕಿಟಕಿ ತೆರೆದರು.

ಅಣ್ಣ ಆ ಸಂಜೆ ಬಾಯಿ ಮುಚ್ಚಲಿಲ್ಲ. "ಲೋ ಹಲ್ಲು ಕಟ್ಟೋನೇ, ಎಲ್ಲೋ ಹೋಯ್ತು ನಿನ್ನ ವಾಕಿಂಗು? ಎರಡು ತಿಂಗಳಲ್ಲಿ ಕಲ್ತದ್ದೆಲ್ಲ ಮರೆತೆಯಲ್ಲೋ. ನಿನ್ನಂಥೋನನ್ನ ನಾನು ಏಳು ಸಲ ಫೇಲ್ ಮಾಡ್ತಿದ್ದೆ." ಪೇಪರಿನವನಿಗೆ ಹೇಳಿದ, ಪಾರಿವಾಳಗಳಿಗೂ ಹೇಳಿರಬೇಕು. ಮೂರು ವಾರವಾದರೂ ನಿಂತಿಲ್ಲ. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇದೆ, ಒಂದು ವಾಕ್ಯ ಸಾಕು. ಅದನ್ನು ನುಂಗುವುದಕ್ಕಿಂತ ಪ್ಲಾಸ್ಟರ್ ನುಂಗುವುದು ಸುಲಭ. ದಿನಾ ನುಂಗುತ್ತಿದ್ದೇನೆ.

ಅವನೀಗ ನಿನ್ನ ಕೋಣೆಯಲ್ಲಿದ್ದಾನೆ. ನಿನ್ನ ಪುಸ್ತಕಗಳು, ಮಂಚ, ಆ ಮುರಿದ ಮೇಜುದೀಪ ನನ್ನ ಕೆಲಸದ ಕೋಣೆಗೆ ಬಂದಿವೆ. ಮಂಚದ ಮೂರು ಕಡೆಯೂ ಕಪಾಟು, ಕಪಾಟಿನ ತುಂಬ ಊರವರ ದವಡೆಗಳು. ನೀನು ಡಿಸೆಂಬರ್ ಹನ್ನೆರಡಕ್ಕೆ ಬರುವುದಾಗಿ ನಿನ್ನಮ್ಮನಿಗೆ ಹೇಳಿದ್ದೀಯಂತೆ. ನನಗೆ ಬರೆದಿಲ್ಲ, ಎಷ್ಟು ದಿನ ಎಂದೂ ಹೇಳಿಲ್ಲ. ಅಲ್ಲಿ ಮಲಗಲು ಆಗದಿದ್ದರೆ ನಾನು ಅಲ್ಲಿ ಮಲಗುತ್ತೇನೆ, ನನಗೆ ಅವರ ಪರಿಚಯವಿದೆ.

ಕೆಲಸದ ಕೋಣೆಗೂ ಅವನ ಕೋಣೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಏಳಕ್ಕೆ ಅವನು ಎಡಗೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತ ಎಣಿಸುತ್ತಾನೆ. ಡಾಕ್ಟರು ಇಪ್ಪತ್ತು ಹೇಳಿದ್ದಾರಂತೆ. ಮೊದಲ ವಾರ ಒಂಬತ್ತಕ್ಕೆ ನಿಲ್ಲುತ್ತಿದ್ದ. ನಿನ್ನೆ ಹದಿನೈದು ಎಂದು ಜೋರಾಗಿ, ನನಗೆ ಕೇಳಲೆಂದೇ ಕೂಗಿದ. ಹನ್ನೊಂದಾದ ಮೇಲೆ ನೇರ ಹದಿನಾಲ್ಕಕ್ಕೆ ಹಾರಿದ್ದ. ನಾನು ಗೋಡೆಗೆ ಗುದ್ದಿದೆ. ಅವನು ಬೈದ. ಮತ್ತೆ ಗುದ್ದಿದೆ. ಆಮೇಲೆ ಒಂದರಿಂದ ಶುರುಮಾಡಿದ.

ನಿನ್ನ
ಅಪ್ಪ